ಸೋಲಿನ ಹೊಣೆ ಯಾರದು?

ಇಳಕಲ್ಲಿನ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ಒಂದು ಚಹದಂಗಡಿಯುಂಟು. ಎರಡು ಬೆಂಚು, ಕಾಲು ಮುರಿದ ಒಂದು ಕುರ್ಚಿ, ಗೋಡೆಗೆ ತೂಗುಹಾಕಿದ ಒಂದು ಟಿ.ವಿ. ಪೆಟ್ಟಿಗೆ, ಇಷ್ಟೇ ಅದರ ಸಂಪತ್ತು. ಆದರೂ ನಾನು ಅದನ್ನು ಹೈಕೋರ್ಟು ಎಂದೇ ಕರೆಯುವುದು. ಅಲ್ಲಿ ಸಂಜೆಯಾದೊಡನೆ ಮೊಕದ್ದಮೆಗಳು ವಿಚಾರಣೆಗೆ ಬರುತ್ತವೆ. ವಾದವುಂಟು, ಪ್ರತಿವಾದವುಂಟು, ಎರಡನೆಯ ಕಪ್ಪು ಚಹ ಮುಗಿಯುವುದರೊಳಗಾಗಿ ತೀರ್ಪೂ ಉಂಟು. ಇಲ್ಲದವನೆಂದರೆ ಆರೋಪಿಯೊಬ್ಬನೇ. ಅವನು ಪಾಪ, ನಾನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, ತನ್ನ ಮೇಲೆ ಇಲ್ಲೊಂದು ದಾವೆ ನಡೆದಿದೆಯೆಂಬುದನ್ನೇ ಅರಿಯದೆ, ಕೈಕಾಲು ತೊಳೆದು ಊಟಕ್ಕೆ ಕುಳಿತಿರುತ್ತಾನೆ.

ನಮ್ಮ ಕಡೆಯ ತರುಣರಿಗೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಎಂಬ ಕ್ರಿಕೆಟ್ ತಂಡವು 2008ರಲ್ಲಿ ಆಟಕ್ಕಿಳಿದು 2025ರ ಜೂನ್ 3ರಂದು ಮೊದಲ ಸಲ ಕಪ್ಪು ಎತ್ತುವವರೆಗೆ ಕಳೆದ ವರ್ಷಗಳೆಲ್ಲ ಅವರಿಗೆ ಗುರುಕುಲವಾಸವಾಗಿದ್ದವು. ಬೌಲರನನ್ನು ದೂರುವುದು ಹೇಗೆ, ಹರಾಜಿನಲ್ಲಿ ಕುಳಿತವರನ್ನು ದೂರುವುದು ಹೇಗೆ, ಬೇರೆ ಯಾರೂ ಸಿಕ್ಕದಿದ್ದರೆ ಮೈದಾನದ ಅಳತೆಯನ್ನೇ ದೂರುವುದು ಹೇಗೆ, ಎಲ್ಲವನ್ನೂ ಅವರು ಅಲ್ಲಿಯೇ ಕರಗತ ಮಾಡಿಕೊಂಡರು. ಆದರೆ ನಾನು ಇಂದು ಹೇಳಹೊರಟಿರುವುದು ಕ್ರಿಕೆಟ್ಟಿನ ಮಾತಲ್ಲ, ಕಾಲ್ಚೆಂಡಾಟದ್ದು. ಹುನಗುಂದ, ಬಾದಾಮಿ, ಬಾಗಲಕೋಟೆಗಳಿಂದ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದ ಹುಡುಗರು ಕೆಲವರು ಅಲ್ಲಿ ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಕೂಗುವುದನ್ನು ಕಲಿತರು. ರಜೆಗೆ ಊರಿಗೆ ಬಂದಾಗ ಆ ಕೂಗನ್ನೂ ಕಟ್ಟಿಕೊಂಡು ಬಂದರು. ಹೀಗೆ ಬೆಂಗಳೂರು ಎಫ್.ಸಿ. ಎಂಬ ತಂಡದ ಸುಖದುಃಖಗಳು ನಮ್ಮ ಹೈಕೋರ್ಟಿನ ವ್ಯಾಪ್ತಿಗೆ ಬಂದವು.

ತಂಡವೇನು ಸಾಮಾನ್ಯದ್ದಲ್ಲ. 2013ರಲ್ಲಿ ಹುಟ್ಟಿದ ಕೂಸು, ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೊಮ್ಮೆ ಗೆದ್ದಿತು. ಅದೇ 2016ರ ನವೆಂಬರಿನಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಭಾರತದ ಯಾವ ಸಂಘವೂ ಅದಕ್ಕೆ ಮೊದಲು ಅಲ್ಲಿಗೆ ಹೋದುದಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತು ಬಂದವರನ್ನು ಊರು ಗೆದ್ದವರಂತೆಯೇ ಕಂಡಿತು. 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗೂ ಕೈಗೆ ಬಂತು. ಆರು ವರ್ಷಗಳಲ್ಲಿ ಇಷ್ಟು ಗೆಲುವನ್ನು ಕಂಡ ಅಭಿಮಾನಿಗೆ ಸೋಲೆಂಬುದು ಪ್ರಕೃತಿಯ ನಿಯಮವೆಂದು ಯಾರು ತಾನೇ ಒಪ್ಪಿಸಬಲ್ಲರು? ಗೆಲುವು ರೂಢಿಯಾದವನಿಗೆ ಸೋಲು ಅಪರಾಧವಾಗಿಯೇ ಕಾಣುತ್ತದೆ. ಅಪರಾಧವೆಂದ ಮೇಲೆ ಅಪರಾಧಿಯೊಬ್ಬ ಇರಲೇಬೇಕಲ್ಲವೆ?

ಮೊದಲನೆಯ ವಿಚಾರಣೆ ನಡೆದದ್ದು 2024ರ ಏಪ್ರಿಲ್ ತಿಂಗಳಿನಲ್ಲಿ. ಬಿಸಿಲಿಗೆ ಇಳಕಲ್ಲಿನ ಕೆಂಪು ಕಲ್ಲೂ ಬಿರಿಯುವಂತಿತ್ತು. ಹನ್ನೆರಡು ತಂಡಗಳ ಪಂದ್ಯಾವಳಿಯಲ್ಲಿ ಬೆಂಗಳೂರು ಹತ್ತನೆಯದಾಗಿ ಮುಗಿಸಿತ್ತು. ಕೊನೆಯ ಪಂದ್ಯದಲ್ಲಿ, ಅದೂ ತವರಿನ ಅಂಗಳದಲ್ಲಿಯೇ, ಮೋಹನ್ ಬಗಾನಿಗೆ 0–4ರಿಂದ ಸೋತಿತ್ತು.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ ಮೊದಲು ಎದ್ದು ನಿಂತ. ಅವನ ಪ್ರಕಾರ ತಪ್ಪೆಲ್ಲ ತರಬೇತುದಾರನದು. ಗ್ರಾನೈಟ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು ತಲೆಯಲ್ಲಾಡಿಸಿ, ತಪ್ಪು ಮಾಲೀಕರದೆಂದ: ಕೊಳ್ಳುವಾಗ ಚೌಕಾಸಿ ಮಾಡಿದರೆ ಅಂಗಡಿಯಲ್ಲಿ ಉಳಿದ ಸರಕೇ ಕೈಗೆ ಬರುತ್ತದೆಯಂತೆ. ಸರ್ಕಾರಿ ಬಸ್ಸಿನ ಕಂಡಕ್ಟರರು ನಾಯಕನನ್ನು ಹಿಡಿದುಕೊಂಡರು. ಸುನಿಲ್ ಛೇತ್ರಿಗೆ ಆಗ 39 ವರ್ಷ. "ಹಳೆ ಗಾಡಿಗೆ ಎಷ್ಟ ಎಣ್ಣಿ ಹಾಕಿದರೇನು?" ಎಂಬುದು ಅವರ ವೃತ್ತಿಗೆ ತಕ್ಕ ವಾದ. ಬೆಂಗಳೂರಿನಿಂದ ರಜೆಗೆ ಬಂದಿದ್ದ ನೀಲಿ ಅಂಗಿಯವನು ಮಾತ್ರ ತನ್ನವರನ್ನು ಬಿಟ್ಟುಕೊಡದೆ, ರೆಫರಿಗಳ ಮೇಲೆ ಹರಿಹಾಯ್ದ.

ಎಂಜಿನಿಯರಿಂಗಿನ ಹುಡುಗನೇ ಗೆದ್ದ. ಆದರೆ ಅವನ ವಾದದಲ್ಲಿ ಒಂದು ತೊಡಕಿತ್ತು. ಯಾವ ತರಬೇತುದಾರ? 2023ರ ಡಿಸೆಂಬರಿನಲ್ಲಿ ಇದೇ ಕಂಠೀರವದಲ್ಲಿ ಮುಂಬಯಿ ತಂಡದೆದುರು ಇದೇ 0–4ರಿಂದ ಸೋತಾಗ ಅಂದಿನ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಮನೆಗೆ ಕಳುಹಿಸಿ ಆಗಿತ್ತು. ಸ್ಪೇನಿನ ಜೆರಾರ್ಡ್ ಝರಗೋಝಾ ಬಂದಿದ್ದರು. ಬಂದ ಮೇಲೆಯೂ ಋತು ಮುಗಿದದ್ದು ಅದೇ 0–4ರಿಂದಲೇ. ಅದಕ್ಕೂ ಹಿಂದೆ, 2021ರ ಜನವರಿಯಲ್ಲಿ, ಲೀಗ್ ಗೆದ್ದುಕೊಟ್ಟಿದ್ದ ಕಾರ್ಲೆಸ್ ಕ್ವಾದ್ರಾತ್ ಹೋಗಿದ್ದರು. 2022ರಲ್ಲಿ ಜರ್ಮನಿಯ ಮಾರ್ಕೊ ಪೆಝಯೊಲಿ ಹೋಗಿದ್ದರು. ಮೂರು ವರ್ಷಗಳೊಳಗೆ ಮೂವರು. ಮನೆ ಸೋರುತ್ತಿದೆಯೆಂದು ಮೂರು ಸಲ ಕಾವಲುಗಾರನನ್ನು ಬದಲಿಸಿದಂತಾಯಿತು; ಮಾಳಿಗೆ ಹತ್ತಿ ನೋಡಿದವರು ಯಾರೆಂಬುದು ಮಾತ್ರ ತಿಳಿಯಲಿಲ್ಲ.

ಎರಡನೆಯ ವಿಚಾರಣೆ ಸರಿಯಾಗಿ ಒಂದು ವರ್ಷದ ಮೇಲೆ, 2025ರ ಏಪ್ರಿಲಿನಲ್ಲಿ. ವಾಚಕರೇ, ಈ ಒಂದು ವರ್ಷದಲ್ಲಿ ನಡೆದ ಚಮತ್ಕಾರವನ್ನು ಕೇಳಿರಿ. ಹತ್ತನೆಯದಾಗಿದ್ದ ತಂಡ ಮೂರನೆಯದಾಗಿತ್ತು. ಮುಂಬಯಿಯನ್ನು ಅದೇ ಅಂಗಳದಲ್ಲಿ 5–0ಯಿಂದ ಬಡಿದು ಹಳೆಯ ಸಾಲವನ್ನು ಬಡ್ಡಿಸಹಿತ ತೀರಿಸಿತ್ತು. ಹಳೆಯ ಗಾಡಿಯೆನಿಸಿಕೊಂಡಿದ್ದ ಛೇತ್ರಿ 40ರ ವಯಸ್ಸಿನಲ್ಲಿ 14 ಗೋಲು ಹೊಡೆದು, ಲೀಗಿನ ಭಾರತೀಯ ಆಟಗಾರರಲ್ಲೆಲ್ಲ ಮುಂದಿದ್ದರು. ತರಬೇತುದಾರರು ಅದೇ ಝರಗೋಝಾ, ಮಾಲೀಕರೂ ಅವರೇ. ಶಿಕ್ಷೆಗೆ ಗುರಿಯಾಗಿದ್ದವರೆಲ್ಲ ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದುಕೊಂಡು ತಂಡವನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ದಿದ್ದರು! ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನಿನೆದುರು ಮೊದಲು ಮುಂದಾದರು; ಬಳಿಕ ಒಬ್ಬ ರಕ್ಷಕನ ಕೈಗೆ ಚೆಂಡು ತಗುಲಿ ಪೆನಾಲ್ಟಿಯಾಯಿತು; ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು ಬಿದ್ದು 1–2ರಿಂದ ಸೋತರು.

ಕೋರ್ಟು ಮತ್ತೆ ಕೂಡಿತು. ಕಳೆದ ವರ್ಷದ ತೀರ್ಪುಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ನ್ಯಾಯಾಧೀಶರಿಗೆ ಪಶ್ಚಾತ್ತಾಪದ ಅಭ್ಯಾಸವಿರುವುದಿಲ್ಲವಷ್ಟೆ. ಈ ಸಲದ ಆರೋಪಿ ಸಿದ್ಧವಾಗಿಯೇ ಇದ್ದ: ಕೈಗೆ ಚೆಂಡು ತಗುಲಿಸಿಕೊಂಡವನು.

ಅಂದು ಬಾದಾಮಿಯ ಬಸ್ಸಿಗೆ ಕಾದಿದ್ದ ಒಬ್ಬ ಮಾಸ್ತರರು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಇತಿಹಾಸ ಹೇಳುವವರಂತೆ. ಅವರು ಮೆಲ್ಲಗೆ ಕೆಮ್ಮಿ, "ನಮ್ಮ ಪುಲಿಕೇಶಿಯೇ ಸೋತ, ಮಹಾರಾಯರೇ!" ಎಂದರು. ಎಲ್ಲರೂ ತಿರುಗಿ ನೋಡಿದೆವು. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿಯ ಗೋಡೆಯ ಮೇಲೆ ಪುಲಿಕೇಶಿಯ ಗೆಲುವುಗಳನ್ನೆಲ್ಲ ಕೆತ್ತಿಸಿದ. ಎಂಟೇ ವರ್ಷ ಕಳೆದು, 642ರಲ್ಲಿ, ಪಲ್ಲವ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದ. ಊರಿನ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೊರೆಯಿಸಿದ. ಆ ಸೋಲು ಯಾರ ತಪ್ಪು? ದಂಡನಾಯಕನದೇ, ಕೋಟೆ ಕಾಯುವವನದೇ? ಯಾವ ಕಲ್ಲೂ ಹೇಳುವುದಿಲ್ಲ. ಕಲ್ಲು ಹೇಳುವುದು ಇಷ್ಟೇ: ಸುಮಾರು ಹದಿಮೂರು ವರ್ಷಗಳ ಮೇಲೆ ಮಗ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಪಡೆದ, ಆಮೇಲೆ ಚಾಲುಕ್ಯರು ಇನ್ನೂ ನೂರು ವರ್ಷ ಆಳಿದರು. "ಆ ಹುಡುಗ ತಪ್ಪಿತಸ್ಥರನ್ನು ಹುಡುಕುತ್ತ ಕುಳಿತಿದ್ದರೆ ನಾವು ಪಟ್ಟದಕಲ್ಲನ್ನು ಕಾಣುತ್ತಿರಲಿಲ್ಲ" ಎಂದು ಹೇಳಿ, ಬಸ್ಸು ಬಂತೆಂದು ಮಾಸ್ತರರು ಎದ್ದು ಹೋದರು.

ಅವರು ಹೋದ ಮೇಲೆ ಮೂಲೆಯಲ್ಲಿ ಕುಳಿತಿದ್ದ ವೃದ್ಧ ನೇಕಾರರು ಬಾಯಿ ತೆರೆದರು. ವರ್ಷಗಟ್ಟಲೆ ಆ ಮೂಲೆಯಲ್ಲಿ ಕುಳಿತರೂ ಕೋರ್ಟಿನ ಕಲಾಪದಲ್ಲಿ ಎಂದೂ ಭಾಗವಹಿಸದವರು ಅವರು. ಇಳಕಲ್ಲ ಸೀರೆಯ ಮರ್ಮ ವಾಚಕರಿಗೆ ತಿಳಿದಿರಬಹುದು: ಮೈಯ ಹಾಸು ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕು; ಅದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯಿಂದ ಸೀರೆಗೆ ಈ ಕೆಲಸ ಹೊಸದಾಗಿಯೇ ನಡೆಯಬೇಕು.

ಮುದುಕರು ಹೇಳಿದ್ದಿಷ್ಟು: "ನೇಯುವಾಗ ಎಳಿ ಹರಿಯೂದು ಇದ್ದದ್ದ. ಒಂದ ಹರಿದರ ಗಂಟ ಹಾಕಿ ಮುಂದ ಹೋಗಬೇಕು. ಅದರ ಮ್ಯಾಲ ಸಿಟ್ಟ ಮಾಡಬಾರದು. ಆದರ ಅದ ಜಾಗಾದಾಗ ದಿನಾ ಹರೀಲಿಕ್ಕೆ ಹತ್ತಿದರ, ಎಳಿ ಬೈಬ್ಯಾಡ್ರಿ, ಇಳಿದು ಮಗ್ಗ ನೋಡ್ರಿ."

ಹೈಕೋರ್ಟು ಒಂದು ಕ್ಷಣ ಮೌನವಾಯಿತು. ನನಗಂತೂ ಆ ಮಾತು ಮನೆಗೆ ಬಂದರೂ ಬಿಡಲಿಲ್ಲ. ಒಂದು ಪೆನಾಲ್ಟಿ, ಒಂದು ಜಾರಿದ ಕಾಲು, ಇವು ಹರಿದ ಎಳೆಗಳು. ಗಂಟು ಹಾಕಿ ಮುಂದೆ ಹೋಗತಕ್ಕವು. ಆದರೆ ಮೂರು ವರ್ಷದಲ್ಲಿ ಮೂವರು ತರಬೇತುದಾರರು ಹೋಗಿಯೂ ಗಾಯ ಅಲ್ಲಿಯೇ ಇದ್ದರೆ, ಅದು ಮಗ್ಗದ ಮಾತು.

ನಮ್ಮ ನಾಡಿನ ಕಾಲ್ಚೆಂಡಾಟದ ಕಥೆಯನ್ನೇ ನೋಡಿರಿ. 1937ರಲ್ಲಿಯೂ 1938ರಲ್ಲಿಯೂ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತಕ್ಕೆ ದೊರೆತ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕಲ್ಕತ್ತೆಯ ಈಸ್ಟ್ ಬೆಂಗಾಲಿನವರು ಪಂಚಪಾಂಡವರೆಂದು ಹೊಗಳಿದ ಐವರಲ್ಲಿ ಅಹಮದ್ ಖಾನ್ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. ಕೊನೆಯ ಎರಡು ಸಲ ಸಾಲಾಗಿ, 1967-68 ಮತ್ತು 1968-69ರಲ್ಲಿ. ಅಲ್ಲಿಗೆ ಬಾಗಿಲು ಮುಚ್ಚಿತು. ಮುಂದಿನ ಗೆಲುವು ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಮಣಿಸಿದಾಗ. ನಡುವೆ 54 ವರ್ಷ! ಈ 54 ವರ್ಷಗಳಲ್ಲಿ ಎಷ್ಟು ನಾಯಕರು, ಎಷ್ಟು ತರಬೇತುದಾರರು, ಎಷ್ಟು ಗೋಲ್‌ಕೀಪರುಗಳು ಬೈಗುಳ ತಿಂದಿರಬೇಡ? ಅವರಲ್ಲಿ ಯಾರೊಬ್ಬನೂ 54 ವರ್ಷ ಆಡಿದವನಲ್ಲ. ಎಚ್.ಎ.ಎಲ್., ಐ.ಟಿ.ಐ.ಗಳಂತಹ ಕಾರ್ಖಾನೆಗಳು ಆಟಗಾರನಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದ ಪದ್ಧತಿ ಕಾಲಕ್ರಮದಲ್ಲಿ ಸೊರಗಿತು, 2012ರಲ್ಲಿ ಎಚ್.ಎ.ಎಲ್. ಐ-ಲೀಗಿನಿಂದಲೂ ಕೆಳಗಿಳಿಯಿತು. ಕಾಲ್ಚೆಂಡು ಒದ್ದು ಹೊಟ್ಟೆ ಹೊರೆಯಬಹುದೆಂಬ ಭರವಸೆಯೇ ಹೋದ ಮೇಲೆ ಯಾವ ತಾಯಿ ಮಗನನ್ನು ಮೈದಾನಕ್ಕೆ ಕಳುಹಿಸಿಯಾಳು? ಮಗ್ಗ ಕೆಟ್ಟಿತ್ತು, ನಾವು ಎಳೆಗಳನ್ನು ಬೈಯುತ್ತಿದ್ದೆವು.

ಹಾಗೆಂದರೆ ಅಭಿಮಾನಿ ಪ್ರಶ್ನೆಯನ್ನೇ ಕೇಳಬಾರದೇ? ಕೇಳಲೇಬೇಕು. ರಾತ್ರಿಯ ಬಸ್ಸು ಹಿಡಿದು ಹೋಗಿ, ಚೀಟಿ ಕೊಂಡು, ಗಂಟಲು ಹರಿಯುವಂತೆ ಕೂಗಿದವನಿಗೆ ಆ ಹಕ್ಕುಂಟು. ಪ್ರೀತಿಯಿಲ್ಲದವನಿಗೆ ಸಿಟ್ಟೂ ಬರುವುದಿಲ್ಲ. ಆದರೆ 'ಏನು ಕೆಟ್ಟಿದೆ?' ಎಂಬ ಪ್ರಶ್ನೆ ಬೇರೆ, 'ಯಾರನ್ನು ಹಿಡಿಯೋಣ?' ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರ ಹುಡುಕಲು ವರ್ಷಗಳು ಬೇಕು. ಎರಡನೆಯದಕ್ಕೆ ಒಂದು ಕಪ್ಪು ಚಹ ಸಾಕು. ನಾವು ಯಾವುದನ್ನು ಆರಿಸಿಕೊಳ್ಳುತ್ತೇವೆಂಬುದನ್ನು ಹೇಳಬೇಕಾದುದಿಲ್ಲ.

ಈ ಎರಡನೆಯ ಪ್ರಶ್ನೆಯ ಬೆಲೆ ಎಷ್ಟೆಂಬುದನ್ನು ಬ್ರೆಜಿಲ್ ದೇಶದ ಮೊವಾಸಿರ್ ಬಾರ್ಬೋಸಾ ತಿಳಿದಿದ್ದ. 1950ರ ಜುಲೈ 16ರಂದು ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿಗೆ ಸಮಬಲವೊಂದೇ ಸಾಕಾಗಿದ್ದ ಬ್ರೆಜಿಲ್, ಉರುಗ್ವೆಗೆ 1–2ರಿಂದ ಸೋತಿತು. ಎರಡನೆಯ ಗೋಲು ಗೋಲ್‌ಕೀಪರ್ ಬಾರ್ಬೋಸಾನ ಪಕ್ಕದಿಂದ ನುಸುಳಿತ್ತು. ಹನ್ನೊಂದು ಮಂದಿ ಆಡಿದ ಆಟದ ಸೋಲನ್ನು ದೇಶವು ಮುಖ್ಯವಾಗಿ ಅವನೊಬ್ಬನ ತಲೆಗೆ ಕಟ್ಟಿತು. ತನ್ನ ದೇಶದ ಕಾನೂನಿನಲ್ಲಿ ಅತ್ಯಂತ ದೊಡ್ಡ ಶಿಕ್ಷೆ 30 ವರ್ಷ, ತಾನು ಅದಕ್ಕಿಂತ ಹೆಚ್ಚು ಕಾಲ ಅನುಭವಿಸಿದ್ದೇನೆ ಎಂದು ಅವನು ಮುಪ್ಪಿನಲ್ಲಿ ಹೇಳಿಕೊಂಡ. ಆ ಶಿಕ್ಷೆ ಮುಗಿದದ್ದು 2000ದಲ್ಲಿ, ಅವನ ಸಾವಿನೊಂದಿಗೆ.

ಅಂದು ಚಹದಂಗಡಿಯಲ್ಲಿ ಎಲ್ಲರೂ ನನ್ನ ಕಡೆಗೂ ತಿರುಗಿದರು. "ಸಾಹೇಬರ, ನೀವೂ ಒಂದ ಕಾಲದಾಗ ಆಡಿದವರಂತ. ತಪ್ಪು ಯಾರದು, ಹೇಳ್ರಿ" ಎಂದು ಕಂಡಕ್ಟರರು ಕೇಳಿದರು. ನಾನು ಚಹದ ಹಣವನ್ನಿತ್ತು, ಕೆಲಸದ ನೆಪ ಹೇಳಿ ಎದ್ದುಬಂದೆ. ಏಕೆ ಎದ್ದುಬಂದೆನೆಂಬುದನ್ನು ಅವರಿಗೆ ಹೇಳಲಾಗಲಿಲ್ಲ. ವಾಚಕರಿಗೆ ಹೇಳುತ್ತೇನೆ.

1969ರ ಮಾತು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯ ಒಂದು ತಾಲೂಕು. ನಾನು ಹುನಗುಂದದ ಕಡೆಯ ಒಂದು ಶಾಲೆಯಲ್ಲಿ ಓದುತ್ತಿದ್ದೆ. ಧಾರವಾಡದಲ್ಲಿ ಕಲಿತುಬಂದ ಹೊಸ ಮಾಸ್ತರರೊಬ್ಬರು ಒಂದು ತೊಗಲಿನ ಚೆಂಡನ್ನು ತಂದು, ಬರಿಗಾಲಿನ ನಮ್ಮನ್ನು ಒಂದು ತಂಡವನ್ನಾಗಿ ಮಾಡಿದ್ದರು. ಬಾಗಲಕೋಟೆಗೆ ಪಂದ್ಯವಾಡಲು ಹೋದೆವು. ಹೊಳೆಯ ಕಡೆಗಿದ್ದ ಆ ಬಯಲು ಇಂದು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಆಟ ಸಮಸಮವಾಗಿ ಸಾಗಿತ್ತು; ಮುಗಿಯಲು ಕೆಲವೇ ನಿಮಿಷ ಉಳಿದಿತ್ತು. ಎದುರಾಳಿಯ ಹುಡುಗನೊಬ್ಬ ಓಡಿಬಂದು ಹೊಡೆದ ಚೆಂಡು ನಮ್ಮ ಗೋಲ್‌ಕೀಪರನ ಕೈಗೆ ಬಂದು, ಜಾರಿ, ಕಾಲ ನಡುವೆ ಹೊಕ್ಕು ಹೋಯಿತು. ಸೋತೆವು.

ಮರಳುವಾಗ ಬಸ್ಸಿನಲ್ಲಿ ಯಾರೋ ಅವನಿಗೆ 'ಜರಡಿ' ಎಂದು ಹೆಸರಿಟ್ಟರು. ಬಸ್ಸೆಲ್ಲ ನಕ್ಕಿತು. ಊರಿಗೆ ಬರುವಷ್ಟರಲ್ಲಿ ಅವನ ಸ್ವಂತ ಹೆಸರು ಮರೆತುಹೋಗಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಬರೆದರು. ಬಾವಿಕಟ್ಟೆಯಲ್ಲಿ ಅವನ ತಂಗಿಯನ್ನು 'ಜರಡಿಯ ತಂಗಿ' ಎಂದು ಕರೆದರು. ಅವನು ಮೈದಾನಕ್ಕೆ ಬರುವುದನ್ನು ಬಿಟ್ಟ. ಬೇಸಿಗೆ ಕಳೆಯುವಷ್ಟರಲ್ಲಿ ಶಾಲೆಗೆ ಬರುವುದನ್ನೂ ಬಿಟ್ಟ. ಬಡಿಗತನಕ್ಕೆ ಸೇರಿದನೆಂದು ಕೇಳಿದೆವು. ನಾನು ಇನ್ನೂ ಎರಡು ವರ್ಷ ಆಡಿದೆ, ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಅವನನ್ನು ನಾನು ಮತ್ತೆ ಕಂಡದ್ದು 2023ರ ಜನವರಿಯಲ್ಲಿ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ನಾಟಕ ಕಂಪನಿಗಳ ಡೇರೆಗಳನ್ನು ದಾಟಿ, ಕಟ್ಟಿಗೆಯ ಬಾಗಿಲು ಚೌಕಟ್ಟುಗಳನ್ನು ಮಾರುವ ಸಾಲಿನಲ್ಲಿ ನಡೆದು ಹೋಗುತ್ತಿದ್ದೆ. ಎರಡು ಚೌಕಟ್ಟುಗಳ ನಡುವೆ ನಿಂತಿದ್ದ ಮುದುಕನೊಬ್ಬ ನನ್ನನ್ನು ಹೆಸರು ಹಿಡಿದು ಕರೆದ. ಗುರುತು ಸಿಕ್ಕದೆ ನಿಂತೆ. "ಜರಡಿ" ಎಂದು ಅವನೇ ಹೇಳಿ ನಕ್ಕ.

ನನಗೆ ನಾಚಿಕೆಯಾಯಿತು. "ಅಂದು ನಿನಗೆ ಬಹಳ ಅಂದೆವು" ಎಂದು ತೊದಲಿದೆ. ಅವನು ಉತ್ತರವಾಗಿ ಒಂದು ಪ್ರಶ್ನೆಯನ್ನು ಕೇಳಿದ. "ಚೆಂಡು ನನ್ನ ಕೈಯಾಗಿಂದ ಜಾರಿದ್ದು ಖರೆ. ಆದರ ಆ ಹುಡುಗ ಎಡಗಡೆಯಿಂದ ಒಬ್ಬನ ಓಡಿ ಬಂದನಲ್ಲ, ಅಲ್ಲೆ ಯಾರು ಇರಬೇಕಾಗಿತ್ತು?"

ಅಲ್ಲಿ ಇರಬೇಕಾಗಿದ್ದವನು ನಾನು. ಎಡಗಡೆಯ ಕಾವಲು ನನ್ನದು. ಗೋಲು ಹೊಡೆದು ಹೆಸರು ಪಡೆಯಬೇಕೆಂಬ ಆಸೆಯಿಂದ ಜಾಗ ಬಿಟ್ಟು ಮುಂದೆ ಓಡಿದ್ದೆ. ಅದನ್ನು ಯಾರೂ ಗಮನಿಸಬಾರದೆಂದು, ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಬಾಯಿ ತೆರೆದು ಆ ಅಡ್ಡಹೆಸರನ್ನು ಇಟ್ಟವನೂ ನಾನೇ.

"ನಿನಗೆ ಗೊತ್ತಿತ್ತೇ?" ಎಂದೆ.

"ಅವತ್ತ ಗೊತ್ತಿತ್ತು. ಹೇಳಿದ್ದರ ಇಬ್ಬರೂ ಆಟ ಬಿಡತಿದ್ದಿವಿ. ಒಬ್ಬಾಂವ ಬಿಟ್ಟರ ಸಾಕು ಅನಿಸಿತು" ಎಂದ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಚೌಕಟ್ಟಿನ ಬೆಲೆ ಕೇಳಿದ; ಅವನು ವ್ಯಾಪಾರಕ್ಕೆ ತಿರುಗಿದ.

ಹೀಗಿರುವಾಗ, ಸೋಲಿನ ಹೊಣೆ ಯಾರದೆಂದು ಕೇಳಿದವರಿಗೆ ನಾನು ಏನು ಹೇಳಲಿ? ತೀರ್ಪು ಕೊಡುವ ಅವಸರ ಹೆಚ್ಚಾಗಿರುವವನನ್ನು ಕಂಡಾಗಲೆಲ್ಲ ಅವನು ಅಂದು ಎಲ್ಲಿ ನಿಂತಿದ್ದನೆಂದು ಕೇಳಬೇಕೆನಿಸುತ್ತದೆ. ಕೇಳುವ ಧೈರ್ಯ ಸಾಲುವುದಿಲ್ಲ. ಮುಂದಿನ ಸೋಲು ಬಂದಾಗ ಹೈಕೋರ್ಟು ಮತ್ತೆ ಕೂಡುತ್ತದೆ, ಸಂದೇಹವಿಲ್ಲ. ಆ ದಿನ ನಾನು ಓಡಿಹೋಗದೆ ಬೆಂಚಿನ ಮೇಲೆಯೇ ಕುಳಿತು, ಜಾತ್ರೆಯ ಬಡಿಗನ ಪ್ರಶ್ನೆಯನ್ನು ಅವರ ಮುಂದಿಡಬೇಕೆಂದು ನಿಶ್ಚಯಿಸಿದ್ದೇನೆ: ಕೈಯಿಂದ ಜಾರುವ ಮೊದಲು ಚೆಂಡು ಯಾವ ದಾರಿಯಿಂದ ಬಂತು, ಆ ದಾರಿಯಲ್ಲಿ ಯಾರು ಇರಬೇಕಾಗಿತ್ತು?

ಅಂದಿನ ಚಹದ ಹಣ ಎಲ್ಲರದೂ ನನ್ನದೇ. ಅದೊಂದು ಹಳೆಯ ಬಾಕಿ.